ಸತ್ತವರಿಗೂ ಹಬ್ಬದ ಬಟ್ಟೆ

ಸದಾಶಿವನಗರ, ತುಮಕೂರು
3 ಏಪ್ರಿಲ್ 2025, ಗುರುವಾರ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಶಿಲ್ಪಾ ನಿನ್ನನ್ನು ಬೆಳಿಗ್ಗೆ ಸಂಜೆ ನಡೆಸುತ್ತಿದ್ದಾಳೋ, ಇಲ್ಲ ನೀನೇ ಅವಳ ಅಡುಗೆಮನೆಯಲ್ಲಿ ನಿಂತು ಯಜಮಾನಿಕೆ ಮಾಡುತ್ತಿದ್ದೀಯೋ? ಆಪರೇಷನ್ ಆಗಿ ಇನ್ನೂ ಆರು ವಾರ, ಕಿರಿಮಗಳ ಮಾತು ಸ್ವಲ್ಪ ಕೇಳು. ಅಂಜನ್‌ನ ಪರೀಕ್ಷೆ ಮುಗಿಯಿತು. ಅಜ್ಜಿಯನ್ನು ನೋಡಲು ಕುಣಿಗಲ್‌ಗೆ ಬರುತ್ತೇನೆಂದು ಕುಣಿಯುತ್ತಿದ್ದಾನೆ. ನನ್ನ ಕಾನ್ವೆಂಟ್ ಕನ್ನಡದಲ್ಲಿ ತಪ್ಪುಗಳಿದ್ದರೆ ಎಂದಿನಂತೆ ತಿದ್ದಿಕೊಂಡು ಓದು.

ಹನುಮಂತಮ್ಮ ಹೋದ ಸುದ್ದಿ ಫೋನಿನಲ್ಲೇ ಹೇಳಿದ್ದೆ. ಮಣ್ಣು ಎಲ್ಲಿ ಮಾಡಿದಿರಿ ಎಂದು ನೀನು ಕೇಳಿದಾಗ ‘ಎಲ್ಲಾ ಸರಿಯಾಗಿ ಆಯ್ತಮ್ಮ’ ಎಂದು ಮಾತು ಹಾರಿಸಿದೆ. ಅದಕ್ಕೇ ಈ ಕಾಗದ.

ನಾವು ಗುಬ್ಬಿಯಿಂದ ಇಲ್ಲಿಗೆ ಬಂದ ವರ್ಷ ನಿನಗೆ ನೆನಪಿದೆಯಾ? ನನಗಾಗ ಒಂಬತ್ತು. ಈಸ್ಟರ್ ಹಿಂದಿನ ದಿನ ಚಿತ್ರಾನ್ನದ ಡಬ್ಬಿ ಹಿಡಿದು ನಿನ್ನ ಹಿಂದೆ ನಮ್ಮ ಚರ್ಚ್ ಸಭೆಯ ಸ್ಮಶಾನಕ್ಕೆ ಬಂದಿದ್ದೆ. ಅಲ್ಲಿ ಹನುಮಂತಮ್ಮ ಸೀರೆ ಎತ್ತಿ ಕಟ್ಟಿ, ನೀಲಿ ಬೆರೆಸಿದ ಸುಣ್ಣದ ಬಕೆಟ್ ಇಟ್ಟುಕೊಂಡು ಒಂದೊಂದೇ ಸಮಾಧಿಗೆ ಬಳಿಯುತ್ತಿದ್ದಳು. ಊರ್ಡಿಗೆರೆಯಿಂದ ಒಬ್ಬಳೇ ಬಂದು ಸಭೆ ಸೇರಿದವಳು. ಆ ಸ್ಮಶಾನದಲ್ಲಿ ಅವಳವರು ಅಂತ ಒಬ್ಬರೂ ಇರಲಿಲ್ಲ. ನಾನು ಹೆದರಿ ನಿನ್ನ ಸೆರಗು ಹಿಡಿದಾಗ, ‘ಏನ್ಲೇ ಸುಮಿ, ಸತ್ತೋರ್ಗೂ ಹಬ್ಬಕ್ಕೆ ಹೊಸಬಟ್ಟೆ ಬ್ಯಾಡ್ವೇನೇ?’ ಅಂದಳು. ಮರುದಿನ ಬೆಳಗಿನ ಜಾವ ನಾವೆಲ್ಲ ಮೇಣದಬತ್ತಿ ಹಿಡಿದು ಹಾಡುತ್ತ ಹೋದಾಗ ಇಡೀ ಸ್ಮಶಾನ ಬೆಳ್ಳಗೆ ಎದ್ದು ಕೂತ ಹಾಗಿತ್ತು.

ಇನ್ನು ಆರಾಧನೆಯ ಹೊತ್ತಿನಲ್ಲಿ ಅವಳನ್ನು ಒಳಗೆ ಕಂಡವರು ಕಡಿಮೆ. ಬೇವಿನ ಮರದ ಕೆಳಗೆ ಎಲ್ಲರ ಕೂಸುಗಳನ್ನೂ ಮಡಿಲಲ್ಲಿ ಹಾಕಿಕೊಂಡು ಕೂರುವಳು. ಅಂಜನ್ ಅಲ್ಲೇ ಬೆಳೆದ. ‘ನೀನೂ ಒಳಗೆ ಬಾ’ ಎಂದು ನಾನು ಒಮ್ಮೆ ಕರೆದೆ. ‘ಹೋಗವ್ವ ನೀನು. ನಿನ್ ಮಗ ಸೆರಗ್ ತುಂಬಾ ಉಚ್ಚೆ ಹೊಯ್ದು ಆಶೀರ್ವಾದ ಮಾಡವ್ನೆ, ನಂಗಷ್ಟು ಸಾಕು’ ಎಂದು ನಕ್ಕಳು. ನಾನೂ ನಕ್ಕು ಒಳಗೆ ಹೋದೆ. ಎರಡನೇ ಸಲ ಕರೆಯಲಿಲ್ಲ.

ಹೋದ ವರ್ಷ ಸಭೆಯ ಕಾರ್ಯದರ್ಶಿಯಾಗಿ ಸದಸ್ಯರ ಹೊಸ ಪಟ್ಟಿ ಮಾಡಿದವಳು ನಾನೇ. ವರ್ಷವಿಡೀ ಆರಾಧನೆಗೆ ಒಳಗೆ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳದವರ ಹೆಸರು ತೆಗೆಯಬೇಕು ಎಂಬುದು ನಿಯಮ. ಹಾಜರಿ ನೋಡಿ ತೆಗೆಯುತ್ತಾ ಹೋದೆ. ಅವಳ ಹೆಸರು ಬಂದಾಗ ಕೈ ತಡೆಯಲೇ ಇಲ್ಲ ಅಮ್ಮಾ.

ಅವಳು ತೀರಿಕೊಂಡ ದಿನ ಕಮಿಟಿ ಸೇರಿತು. ಸ್ಮಶಾನದಲ್ಲಿ ಉಳಿದಿರುವುದು ಕೆಲವೇ ಜಾಗ. ಸತ್ಯದಾಸ್ ಅಂಕಲ್ ಪಟ್ಟಿ ತೆಗೆದು, ‘ಹೆಸರೇ ಇಲ್ವಲ್ಲಮ್ಮ ಸುಮನಾ, ಸರ್ಕಾರಿ ಸ್ಮಶಾನಕ್ಕೆ ಒಯ್ಯೋಣ. ಇಲ್ಲ, ಯಾರಾದ್ರೂ ತಮ್ಮ ಮನೆಯವರಿಗೆ ಇಟ್ಟುಕೊಂಡಿರೋ ಜಾಗ ಬಿಟ್ಟುಕೊಟ್ರೆ ನೋಡೋಣ’ ಎಂದರು. ಅವರು ಕೆಟ್ಟವರಲ್ಲ. ನಾನು ಮಾಡಿದ ಪಟ್ಟಿಯನ್ನೇ ಓದಿದರು. ಅಷ್ಟು ವರ್ಷ ನಮ್ಮ ಸತ್ತವರಿಗೆ ಸುಣ್ಣ ಬಳಿದವಳು ಹೊರಗೆ ಅಂಬುಲೆನ್ಸಿನಲ್ಲಿ ಕಾಯುತ್ತಿದ್ದಳು. ಆ ಹೆಸರು ತೆಗೆದದ್ದು ತಪ್ಪು, ತಪ್ಪು ನನ್ನದು ಎನ್ನಲು ಒಂದು ನಿಮಿಷ ಸಾಕಿತ್ತು. ಅದರ ಬದಲಿಗೆ ಬೇರೊಂದು ಮಾತು ಹೇಳಿದೆ. ಎಲ್ಲರೂ ನನ್ನ ಕೈ ಹಿಡಿದು ‘ಎಂಥ ಕರುಣೆ’ ಎಂದು ಹೊಗಳಿದರು. ನ್ಯಾಯವಾಗಿ ಅವಳಿಗೆ ಸಲ್ಲಬೇಕಾದದ್ದನ್ನೇ ದಾನದ ಹಾಗೆ ಕೊಟ್ಟು ಹೊಗಳಿಸಿಕೊಂಡೆನಲ್ಲಾ ಎಂದು ಅಂದಿನಿಂದ ಊಟ ರುಚಿಸುತ್ತಿಲ್ಲ.

ಕರ್ತನು ನಿನ್ನ ಮಂಡಿಗೂ ಮನಸ್ಸಿಗೂ ಬಲ ಕೊಡಲಿ. ಶಿಲ್ಪಾಗೆ ಪ್ರೀತಿ.

ನಿನ್ನ ಮಗಳು,
ಸುಮನಾ

ಮರೆತಿಲ್ಲ, ಬರೆಯಲು ಹೆದರಿ ಕೊನೆಗಿಟ್ಟೆ: ಅಪ್ಪನ ಪಕ್ಕ ನಿನಗೆಂದು ಇಟ್ಟಿದ್ದ ಜಾಗದಲ್ಲಿ ಹನುಮಂತಮ್ಮ ಮಲಗಿದ್ದಾಳೆ. ನಿನ್ನನ್ನು ಕೇಳದೆ ನಾನೇ ಸಹಿ ಹಾಕಿದೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಎದ್ದು ನಿಂತು ಪಟ್ಟಿಯ ವಿಷಯ ಎಲ್ಲರೆದುರು ಹೇಳುತ್ತೇನೆ, ಅವಳ ಹೆಸರು ಮತ್ತೆ ಸೇರಿಸಿ ಎಂದು ಕೇಳುತ್ತೇನೆ. ಆದರೆ ನಿನ್ನ ಜಾಗ ವಾಪಸ್ ತರಲು ನನ್ನಿಂದಾಗದು. ಬೈಯುವುದಿದ್ದರೆ ಬಂದೇ ಬೈಯಿ, ಈಸ್ಟರ್ ಹಿಂದಿನ ದಿನ ಕಾರು ಕಳಿಸುತ್ತೇನೆ. ಈ ಸಲ ಸುಣ್ಣ ನಾನೇ ಬಳಿಯಬೇಕು, ನೀಲಿ ಎಷ್ಟು ಹಾಕುತ್ತಿದ್ದಳೋ ನನಗೆ ಗೊತ್ತಿಲ್ಲ.