ಬಂಡೆಗೆ ಮೆತ್ತಿದ ಗಾರೆ

ಗಂಗಾವತಿ, ನವೆಂಬರ್ ೧೯೪೩

ಅಪ್ಪಾ,

ನೀನು ತೀರಿಹೋಗಿ ಹತ್ತು ತಿಂಗಳಾಯಿತು. ಆನೆಗೊಂದಿ ದಾರಿಯ ಕಡಿದಾದ ಗುಡ್ಡದ ಮೇಲೆ ಸಾಹುಕಾರ ಕಳಕಪ್ಪನವರ ಹೋಟೆಲು ಎದ್ದು ನಿಂತಿದೆ, ನಾನು ಬರೆದ ನಕ್ಷೆಯಂತೆಯೇ. ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಎಂಟು ಕೋಣೆಗಳು. ಎಲ್ಲಕ್ಕಿಂತ ಮೇಲಿನ ಕೋಣೆಗೆ ಆ ದೊಡ್ಡ ಬಂಡೆಯೇ ಹಿಂಗೋಡೆ.

ಬಂಡೆಯ ಬುಡದ ಸಂದಿಗೆ ನೀನು ಕೈಯಾರೆ ಗಾರೆ ಮೆತ್ತಿ, "ಒಂದು ಮಳಿಗಾಲ ಕಾಯಿ. ಗಾರಿ ಬಿರೀದಿದ್ರ ಮುಂದ ನಕ್ಷಾ ತಗಿ" ಅಂದಿದ್ದೆ. ನಾನು ಕಾಯಲಿಲ್ಲ. ಕಲ್ಲು ಕಡಿಯುವವರ ಲೆಕ್ಕಾಚಾರ ಎಂದು ಸಾಹುಕಾರರ ಮುಂದೆ ನಕ್ಕೆ. ನೀನು ಅಲ್ಲೇ ನಿಂತಿದ್ದೆ.

ಇವತ್ತು ಮುಂಜಾನೆ ಗೌಂಡಿ ಗ್ಯಾನಪ್ಪ ನನ್ನನ್ನೂ ಸಾಹುಕಾರರನ್ನೂ ಬಂಡೆಯ ಬುಡಕ್ಕೆ ಕರೆದೊಯ್ದ. ಗಾರೆಯಲ್ಲಿ ನಿನ್ನ ನಾಲ್ಕು ಬೆರಳಿನ ಗುರುತು ಹಾಗೇ ಇತ್ತು. ಅವುಗಳ ನಡುವೆ ಕೂದಲೆಳೆಯಷ್ಟು ಬಿರುಕು.

"ಕಲ್ಲು ಸರದೈತ್ರಿ," ಅಂದ.

ಸಾಹುಕಾರರು ಬಗ್ಗಿ ನೋಡಿದರು. "ಬಿಸಲಿಗೆ ಬಿರದಿರಬೇಕು. ನಾಳಿ ದೊಡ್ಡ ಮಂದಿ ಬರ್ತಾರ, ಮ್ಯಾಲೆ ಬಳದುಬಿಡ್ರಿ."

ಗ್ಯಾನಪ್ಪ ಗಾರೆ ಬಳಿಯುವ ಕರಣಿಯನ್ನು ಕೆಳಗಿಟ್ಟ. ಅದನ್ನು ಎತ್ತಿಕೊಂಡವನು ನಾನು. ನಿನ್ನ ಬೆರಳುಗಳು ಮುಚ್ಚಿಹೋದವು.

ಸಾಹುಕಾರರಿಗೆ ಭಾರಿ ಸಂತೋಷವಾಯಿತು. "ಮೊದಲನೇ ದಿನ ಮ್ಯಾಲಿನ ಖೋಲಿ ನಿಮ್ಮ ಅವ್ವಾರಿಗೇ ಇರ್ಲಿ," ಅಂದರು. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಆಗಲಿ ಎಂದೆ.

ಅವ್ವ ಈಗ ಗಂಟು ಕಟ್ಟುತ್ತಿದ್ದಾಳೆ. ನಿನ್ನ ಬೆರಳಿನ ಗುರುತು ಅಲ್ಲಿದೆಯೆಂದು ಹಿಂದೊಮ್ಮೆ ನಾನೇ ಹೇಳಿದ್ದೆ. ಅದನ್ನು ಮುಟ್ಟಿ ನೋಡಬೇಕಂತೆ.