ನಾನು ಹಾಕದ ಟಿಕ್ಕು

ಗ್ರಾಹಕ ದೂರು ಪರಿಹಾರ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನನ್ನ ದೂರನ್ನು ನೀವು ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ. ಅದರಲ್ಲಿ ಮೂರು ಸಾಲಿನ ಬಗ್ಗೆ ನನ್ನ ತಕರಾರಿಲ್ಲ. ದಿನಾಂಕ, ದೂರಿನ ಸಂಖ್ಯೆ, ‘ಮುಕ್ತಾಯಗೊಳಿಸಲಾಗಿದೆ’ ಎಂಬ ಮಾತು, ಎಲ್ಲವೂ ಸರಿಯಾಗಿವೆ. ಈ ಪತ್ರ ಬರೆಯುತ್ತಿರುವುದು ಎರಡನೆಯ ಸಾಲಿಗಾಗಿ. ‘ಸದರಿ ಕಡತಗಳನ್ನು ದೂರುದಾರರು ಸ್ವತಃ ಅಳಿಸಿರುತ್ತಾರೆ’ ಎಂದು ಅಲ್ಲಿ ಬರೆದಿದೆ. ಇಲ್ಲ ಸ್ವಾಮಿ, ನಾನು ಅಳಿಸಲಿಲ್ಲ. ಕಂಪ್ಯೂಟರಿನ ಕಸ ತೆಗೆಯುವ ಒಂದು ತಂತ್ರಾಂಶ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ನಾನು ನಾಲ್ಕು ವರ್ಷದಿಂದ ಖಾಲಿ ಬಿಟ್ಟಿದ್ದ ಚೌಕದಲ್ಲಿ ತಾನೇ ಟಿಕ್ ಹಾಕಿಕೊಂಡು, ನನ್ನ ಅಮ್ಮ ಬಿಟ್ಟುಹೋದ ನೂರ ಹನ್ನೆರಡು ವಿಡಿಯೊಗಳನ್ನು ಕಸದ ಜೊತೆ ಗುಡಿಸಿ ಹಾಕಿತು. ಮುಗಿದ ದೂರಿಗೆ ಉತ್ತರ ಬರೆಯಲು ನಿಮ್ಮ ಜಾಲತಾಣದಲ್ಲಿ ಅವಕಾಶವಿಲ್ಲವಂತೆ. ಹಾಗಾಗಿ ಎಲ್ಲರೆದುರಿಗೇ ಬರೆಯುತ್ತಿದ್ದೇನೆ.

‘ಕಡತ’ ಎಂಬ ಪದ ನಿಮ್ಮ ಕಚೇರಿಗೆ ಸಾಕಾಗಬಹುದು. ಅವು ಏನಾಗಿದ್ದವು ಎಂದು ಹೇಳಲು ನಿಮ್ಮ ಅರ್ಜಿಯಲ್ಲಿ ಜಾಗ ಇರಲಿಲ್ಲ, ಇಲ್ಲಿ ಹೇಳುತ್ತೇನೆ.

ನನಗೊಬ್ಬ ತಮ್ಮನಿದ್ದಾನೆ, ಮೂವತ್ತೆಂಟು ವರ್ಷದವನು. ಮನೆಯಲ್ಲಿ ಅವನ ಹೆಸರು ಗುಂಡ, ಆಳು ಮಾತ್ರ ಕಡ್ಡಿ. ಹುಟ್ಟಿದಾಗಿನಿಂದ ಅವನಿಗೆ ಮಾತಿಲ್ಲ. ಶಾಲೆಯಲ್ಲಿ ಕಲಿಸುವ ಕೈಸನ್ನೆಗಳೂ ಅವನ ತಲೆಗೆ ಹತ್ತಲಿಲ್ಲ. ಹಾಗೆಂದು ಅವನು ಹೇಳುವುದೇನೂ ಕಡಿಮೆಯಿರಲಿಲ್ಲ. ಅವನದೇ ಆದ ಸನ್ನೆಗಳಿದ್ದವು, ಯಾವ ಪುಸ್ತಕದಲ್ಲೂ ಇಲ್ಲದವು. ಅವನ್ನೆಲ್ಲ ಬಲ್ಲವಳು ಅಮ್ಮ ಒಬ್ಬಳೇ. ನಾನು ಬೆಳಿಗ್ಗೆ ಒಂಬತ್ತಕ್ಕೆ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಏಳಕ್ಕೆ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು, ಗುಂಡ ಅವಳ ಪಕ್ಕದ ಸ್ಟೂಲಿನ ಮೇಲೆ. ಇಡೀ ದಿನ ಅವರಿಬ್ಬರ ಹರಟೆ ನಡೆಯುತ್ತಿತ್ತು, ಹೊರಗಿನವರ ಕಿವಿಗೆ ಬೀಳುತ್ತಿದ್ದುದು ಅಮ್ಮನದು ಮಾತ್ರ.

ಇನ್ನು ಒಂದು ವರ್ಷ ಎಂದು ಡಾಕ್ಟರು ಅಮ್ಮನಿಗೆ ಹೇಳಿದ ಮಾರನೆಯ ದಿನವೇ ಅವಳು ಕೆಲಸ ಶುರು ಮಾಡಿದಳು. ಫೋನನ್ನು ಬಟ್ಟೆಗಂಟಿಗೆ ಒರಗಿಸಿ ನಿಲ್ಲಿಸಿ, ಗುಂಡನನ್ನು ಪಕ್ಕಕ್ಕೆಳೆದುಕೊಂಡು, ಅವನ ಒಂದೊಂದು ಸನ್ನೆಯನ್ನೂ ತಾನು ಮಾಡಿ ತೋರಿಸಿ ಅದರ ಅರ್ಥ ಹೇಳುತ್ತಿದ್ದಳು. ಒಂದಕ್ಕೆ ಒಂದು ನಿಮಿಷ. ಎಲ್ಲಕ್ಕೂ ನಂಬರು.

“ಇದು ಹದಿನಾಲ್ಕನೇದು. ಎಡಗೈಲಿ ಮೂಗು ಉಜ್ಜಿದ್ರೆ ನೆಗಡಿ ಅಂದ್ಕೊಂಡು ಔಷಧಿ ಕುಡಿಸ್ಬೇಡ. ಕೋಪ ಬಂದಿದೆ ಅಂತ ಅರ್ಥ. ಏನೂ ಕೇಳ್ಬೇಡ, ಪಕ್ಕದಲ್ಲಿ ಸುಮ್ನೆ ಕೂತ್ಕೋ. ಐದು ನಿಮಿಷಕ್ಕೆ ಇಳಿಯುತ್ತೆ. ನಿನ್ನ ಥರ ಮೂರು ದಿನ ಇಟ್ಕೊಳ್ಳಲ್ಲ ಅವನು.”

ಹೀಗೆ ನೂರ ಹನ್ನೆರಡು. ಫೋನಿನಲ್ಲಿ ಜಾಗ ಸಾಲದೆ, ನನಗೆ ಬ್ಲೂಟೂತಿನಲ್ಲಿ ಕಳಿಸಿದ ಮೇಲೆ ಅಲ್ಲಿಂದ ತೆಗೆದುಬಿಡುತ್ತಿದ್ದಳು. ಕಳಿಸಿದ್ದು ಬಂದು ಬೀಳುತ್ತಿದ್ದುದು ಮನೆಯ ಹಳೆಯ ಕಂಪ್ಯೂಟರಿನ ಡೌನ್‌ಲೋಡ್ಸ್ ಎಂಬ ಫೋಲ್ಡರಿನಲ್ಲಿ. ಅವನ್ನು ಬೇರೆ ಕಡೆ ಜೋಡಿಸಿಡುತ್ತೇನೆ ಎಂದು ನಾನು ಹೊರಟಾಗ ಅಮ್ಮ ಬಿಡಲಿಲ್ಲ. “ಬಂದ ಜಾಗದಿಂದ ಎತ್ತಬೇಡ ಕಣೇ. ನಾನು ಕಳ್ಕೊಂಡಿರೋ ಬಟ್ಟೆಗಂಟೆಲ್ಲಾ ಜೋಪಾನ ಅಂತ ಬೇರೆ ಕಡೆ ಎತ್ತಿಟ್ಟಿದ್ದೇ” ಅಂದಳು. ಅವಳ ಅಂಗಡಿಯಲ್ಲಿ ಚೀಟಿ ಇರಲಿಲ್ಲ, ಪುಸ್ತಕ ಇರಲಿಲ್ಲ. ಯಾರ ಗಂಟು ಎಲ್ಲಿ ಬಂದು ಕೂತಿತೋ ಅಲ್ಲೇ ಇರಬೇಕು, ಅದೇ ಲೆಕ್ಕ. ಒಮ್ಮೆ ನಾನು ಒಪ್ಪ ಮಾಡಲು ಹೋಗಿ ಮೂರು ಮನೆಯ ಬಟ್ಟೆ ಅದಲುಬದಲಾಗಿ, ಯಾರದೋ ಮದುವೆಗೆ ಯಾರದೋ ಕೋಟು ಹೋಗಿತ್ತು. ಆ ನೆನಪಿಗೆ ಬೆದರಿ ವಿಡಿಯೊಗಳನ್ನು ಬಂದ ಜಾಗದಲ್ಲೇ ಬಿಟ್ಟೆ. ನಲವತ್ತರಷ್ಟು ನೋಡಿದ್ದೆ. ಉಳಿದದ್ದು ಬೇಕಾದಾಗ ತೆಗೆದು ನೋಡಿದರಾಯಿತು ಎಂದುಕೊಂಡೆ. ನಿಘಂಟನ್ನು ಯಾರು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ ಹೇಳಿ?

ಈಗ ನಿಮ್ಮ ‘ಸ್ವತಃ’ ಎಂಬ ಮಾತಿಗೆ ಬರುತ್ತೇನೆ. ಆ ಕಂಪ್ಯೂಟರು ಹಳೆಯದಾದ್ದರಿಂದ ಪ್ರತಿ ಶನಿವಾರ ಮಧ್ಯಾಹ್ನ ಅದರ ಕಸ ತೆಗೆಯುವುದು ನನ್ನ ವಾಡಿಕೆ. ನಾಲ್ಕು ವರ್ಷದ ಹಿಂದೆ ಆ ತಂತ್ರಾಂಶ ಹಾಕಿಸಿದಾಗ ಒಂದೊಂದೇ ಸಾಲು ಓದಿ, ಯಾವುದನ್ನು ಅಳಿಸಬಹುದೋ ಅದಕ್ಕೆ ಮಾತ್ರ ಟಿಕ್ ಹಾಕಿದ್ದೆ. ಡೌನ್‌ಲೋಡ್ಸ್ ಎಂಬ ಸಾಲಿನ ಮುಂದಿನ ಚೌಕ ಖಾಲಿ. ಆಮೇಲೆ ಇನ್ನೂರು ಶನಿವಾರವಾದರೂ ಅದೇ ಗುಂಡಿ ಒತ್ತಿರಬೇಕು, ಆ ಫೋಲ್ಡರಿನ ಒಂದು ಎಳೆಯೂ ಅಲುಗಿರಲಿಲ್ಲ. ಅಮ್ಮ ಹೋಗಿ ಎರಡು ತಿಂಗಳಾದ ಮೇಲೆ ಒಂದು ಶನಿವಾರ ನೋಡಿದರೆ ತಂತ್ರಾಂಶದ ಮುಖವೇ ಬದಲಾಗಿತ್ತು. ಬೂದು ಬಣ್ಣ ಹೋಗಿ ಹಸಿರು ಬಂದಿತ್ತು. ‘ಇನ್ನಷ್ಟು ಸುಲಭ, ಇನ್ನಷ್ಟು ಚುರುಕು’ ಎಂದು ಬರೆದಿತ್ತು. ಟಿಕ್ ಹಾಕುವ ಪಟ್ಟಿ ಒಂದು ಸಣ್ಣ ಬಾಣದ ಹಿಂದೆ ಮಡಚಿಕೊಂಡು ಕೂತಿತ್ತು. ಗುಂಡಿ ಮಾತ್ರ ಮೊದಲಿದ್ದ ಜಾಗದಲ್ಲೇ, ಮೊದಲಿಗಿಂತ ದಪ್ಪಗೆ. ಒತ್ತಿದೆ. ‘ಅಭಿನಂದನೆಗಳು, ನಿಮ್ಮ ಕಂಪ್ಯೂಟರ್ ಈಗ ಹಗುರವಾಗಿದೆ’ ಎಂದಿತು. ನನಗೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಅದಾಗಿ ಒಂಬತ್ತನೆಯ ದಿನ ಗುಂಡ ಬಲಗೈ ಮುಷ್ಟಿ ಮಾಡಿ ಎಡಭುಜಕ್ಕೆ ಒತ್ತತೊಡಗಿದ. ಒತ್ತುವುದು, ನನ್ನ ಮುಖ ನೋಡುವುದು. ನಾನು ನೋಡಿದ ನಲವತ್ತರಲ್ಲಿ ಅದು ಇರಲಿಲ್ಲ. ಇರು ಕಂದಾ, ಅಮ್ಮನನ್ನೇ ಕೇಳೋಣ ಎಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರ್ ತೆರೆದೆ. ಫೋಲ್ಡರಿನಲ್ಲಿ ಏನೂ ಇರಲಿಲ್ಲ.

ರಿಪೇರಿಯವನು ಬಂದು ನೋಡಿದ. “ಮೇಡಂ, ನೀವೇ ಕ್ಲೀನ್ ಮಾಡಿದೀರಲ್ಲ. ಇಲ್ನೋಡಿ, ಡೌನ್‌ಲೋಡ್ಸ್‌ಗೆ ಟಿಕ್ ಬಿದ್ದಿದೆ.”

“ಅದನ್ನ ನಾನು ಹಾಕಿಲ್ಲಪ್ಪ.”

“ಹಾಗಾದ್ರೆ ಅಪ್‌ಡೇಟ್ ಆದಾಗ ಅದೇ ಹಾಕ್ಕೊಂಡಿರುತ್ತೆ. ಹೊಸದ್ರಲ್ಲಿ ಡೀಫಾಲ್ಟೇ ಹಾಗಿದೆ. ಹಳೇ ಸೆಟ್ಟಿಂಗ್ ಇಟ್ಕೊಂಡಿಲ್ಲ ಇದು.”

“ಕೇಳ್ಬಾರದಾ ಹಾಗಾದ್ರೆ?”

“ಯಾರು ಕೇಳ್ತಾರೆ ಮೇಡಂ” ಎಂದು ಹೇಳಿ, ಪಾಪ, ಎರಡು ದಿನ ಕೂತು ಹುಡುಕಿದ. ನೂರ ಹನ್ನೆರಡರಲ್ಲಿ ಮೂರು ಸಿಕ್ಕಿದವು. ಎರಡು ನಾನು ಆಗಲೇ ನೋಡಿದ್ದವು. ಮೂರನೆಯದರಲ್ಲಿ ದನಿ ಮಾತ್ರ ಉಳಿದಿತ್ತು, ಚಿತ್ರ ಇರಲಿಲ್ಲ. ಕಪ್ಪು ಪರದೆಯ ಹಿಂದಿನಿಂದ ಅಮ್ಮ ಹೇಳುತ್ತಾಳೆ: “ಇದು ಎಂಬತ್ತಾರನೇದು. ಇವನು ಹೀಗೆ ಮಾಡಿದ್ರೆ ಎದೆ ಉರೀತಿದೆ ಅಂತ. ಹೀಗೆ, ನೋಡ್ಕೋ. ಸರಿಯಾಗಿ ನೋಡ್ಕೊಂಡ್ಯಾ?” ಅದನ್ನು ಎಷ್ಟು ಸಲ ಹಾಕಿ ಕೇಳಿದೆನೋ ಗೊತ್ತಿಲ್ಲ. ಹೀಗೆ ಅಂದರೆ ಹೇಗೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಗುಂಡ ಭುಜ ಒತ್ತುತ್ತಲೇ ಇದ್ದ. ಅಂಗಿ ಚುಚ್ಚುತ್ತಿದೆಯೇನೋ ಎಂದು ಬದಲಾಯಿಸಿದೆ. ಭುಜಕ್ಕೆ ಮುಲಾಮು ತಿಕ್ಕಿದೆ. ಅಮ್ಮನ ನೆನಪಾಗಿರಬೇಕು ಎಂದು ಅವಳ ಹೊದಿಕೆ ತಂದುಕೊಟ್ಟೆ. ಅವನು ಹೊದಿಕೆ ಪಕ್ಕಕ್ಕಿಟ್ಟು ಮತ್ತೆ ಮುಷ್ಟಿ ಒತ್ತಿದ, ದಡ್ಡ ವಿದ್ಯಾರ್ಥಿಗೆ ಮೇಷ್ಟ್ರು ಇನ್ನೊಮ್ಮೆ ಹೇಳಿಕೊಡುವಷ್ಟು ತಾಳ್ಮೆಯಿಂದ. ಐದನೆಯ ದಿನ ಜ್ವರ ಬಂತು, ದಿಂಬಿನ ಮೇಲೆ ಕೀವು ಕಂಡಿತು. ಕಿವಿ ಸೋಂಕಾಗಿ ತಮಟೆ ಒಡೆದಿತ್ತು. “ಇಷ್ಟು ದಿನ ಏನ್ ಮಾಡ್ತಿದ್ರಿ? ಅವರು ನೋವು ಅಂತ ಹೇಳ್ಲಿಲ್ವಾ?” ಎಂದು ಕಿವಿಯ ಡಾಕ್ಟರು ಗದರಿದರು. ಹೇಳಿದ್ದ ಡಾಕ್ಟ್ರೇ, ಐದು ದಿನದಿಂದ ಹೇಳುತ್ತಲೇ ಇದ್ದ. ಮಾತಿಲ್ಲದ ನನ್ನ ತಮ್ಮನಿಗೆ ಈಗ ಎಡಗಿವಿಯೂ ಕೇಳಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಕಚೇರಿಗೆ ದೂರು ಬರೆದೆ. ನಿಮ್ಮ ಗುಮಾಸ್ತರು ಫೋನ್ ಮಾಡಿ, ಇನ್ನೊಂದು ಪ್ರತಿ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಕೇಳಿದರು. ಕೇಳಬೇಕಾದ ಮಾತೇ. ಅದಕ್ಕೆಂದು ತಂದ ಪೆನ್‌ಡ್ರೈವ್ ಪ್ಲಾಸ್ಟಿಕ್ ಕವಚ ಕೂಡ ಬಿಚ್ಚದೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಈ ವಾರ, ಮುಂದಿನ ವಾರ ಎಂದು ದಿನ ತಳ್ಳಿದವಳು ನಾನೇ. ಬಾಣದ ಹಿಂದೆ ಇಣುಕಿ ನೋಡಲಿಲ್ಲ, ಅದೂ ನನ್ನ ತಪ್ಪೇ. ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸಲು ಸಣ್ಣ ಅಕ್ಷರ ಓದಿಸುವವಳಿಗೆ ತನ್ನ ಮನೆಯ ಟಿಕ್ಕು ಕಾಣಲಿಲ್ಲ. ಈ ತಪ್ಪುಗಳನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ, ಅವು ನನ್ನ ಜೊತೆಗೇ ಇರುತ್ತವೆ. ಆದರೆ ಆ ಟಿಕ್ಕು ನನ್ನದಲ್ಲ. ಅದನ್ನೂ ನನ್ನ ಲೆಕ್ಕಕ್ಕೇ ಹಾಕಿದ್ದೀರಲ್ಲ, ಯಾವ ನ್ಯಾಯ ಇದು?

ಕಂಪನಿಯ ವಿವರಣೆಯನ್ನು ನೀವು ಲಗತ್ತಿಸಿ ಕಳಿಸಿದ್ದೀರಿ. ಅಪ್‌ಡೇಟ್ ಟಿಪ್ಪಣಿಯ ಇಪ್ಪತ್ತಮೂರನೆಯ ಸಾಲಿನಲ್ಲಿ ‘ಡೀಫಾಲ್ಟ್ ಆಯ್ಕೆಗಳನ್ನು ಉತ್ತಮಪಡಿಸಲಾಗಿದೆ’ ಎಂದು ಬಳಕೆದಾರರಿಗೆ ತಿಳಿಸಿದ್ದೆವು ಎನ್ನುತ್ತಾರೆ ಅವರು. ಎಂಥ ಉತ್ತಮಪಡಿಸುವಿಕೆ. ಇದೇ ತಂತ್ರಾಂಶ ತನಗೆ ಐದು ನಕ್ಷತ್ರ ಕೊಡುತ್ತೀರಾ ಎಂದು ನನ್ನನ್ನು ಮೂರು ಸಲ ಕೇಳಿದೆ. ಹಸಿರು ಬಣ್ಣ ಇಷ್ಟವಾಯಿತೇ ಎಂದು ಕೇಳಿದೆ. ನಿಮ್ಮ ಫೋಲ್ಡರು ಖಾಲಿ ಮಾಡಲೇ ಎಂದು ಕೇಳಲು ಮಾತ್ರ ಅದಕ್ಕೆ ಪುರುಸೊತ್ತಿರಲಿಲ್ಲ. ಅಮ್ಮನ ಅಂಗಡಿಗೆ ಬರುವವರಲ್ಲಿ ಗಂಜಿ ಬೇಡ ಎಂದು ಒಂದು ಸಲ ಹೇಳಿದವರಿದ್ದರು. ಹತ್ತು ವರ್ಷವಾದರೂ ಅವರ ಬಟ್ಟೆಗೆ ಗಂಜಿ ಬೀಳುತ್ತಿರಲಿಲ್ಲ. ಹೊಸ ಇಸ್ತ್ರಿಪೆಟ್ಟಿಗೆ ಬಂತೆಂದು ಅವಳು ಅವರಿಗೆಲ್ಲ ಗಂಜಿ ಹಾಕಿ, ಬಾಗಿಲ ಹಿಂದೆ ಬರೆದು ಅಂಟಿಸಿದ್ದೆ, ನೀವು ಓದಬೇಕಿತ್ತು ಎಂದಿದ್ದರೆ ನೀವು ಸುಮ್ಮನಿರುತ್ತಿದ್ದಿರೇ? ಇಸ್ತ್ರಿ ಮಾಡುವ ಹೆಂಗಸಿಗಿದ್ದ ಈ ಸಣ್ಣ ಮರ್ಯಾದೆಯನ್ನು ಅಷ್ಟು ದೊಡ್ಡ ಕಂಪನಿಯಿಂದ ಬಯಸಿದ್ದು ಅತಿಯಾಯಿತೇ?

ಕಳೆದದ್ದು ಬರುವುದಿಲ್ಲ ಎಂದು ನನಗೆ ಗೊತ್ತು. ನಾನು ಪರಿಹಾರ ಕೇಳಿರಲಿಲ್ಲ, ಈಗಲೂ ಕೇಳುವುದಿಲ್ಲ. ಒಬ್ಬರು ಬೇಡ ಎಂದು ಬಿಟ್ಟ ಚೌಕವನ್ನು ಯಾವ ಅಪ್‌ಡೇಟೂ ಅವರನ್ನು ಕೇಳದೆ ತುಂಬಬಾರದು, ಅಳಿಸುವ ವಿಷಯದಲ್ಲಂತೂ ಖಂಡಿತ ಕೂಡದು ಎಂದು ನೀವು ಆದೇಶ ಮಾಡಬೇಕು. ನನ್ನ ದೂರನ್ನು ಮತ್ತೆ ತೆರೆದು, ‘ಸ್ವತಃ ಅಳಿಸಿರುತ್ತಾರೆ’ ಎಂಬ ಆ ಸಾಲನ್ನು ಹೊಡೆದುಹಾಕಬೇಕು. ಅದು ಸರ್ಕಾರದ ಮುದ್ರೆಯಿರುವ ಕಾಗದ, ನಾಳೆ ಯಾರಾದರೂ ಓದಿದರೆ ಅಮ್ಮನ ಮಾತನ್ನು ಮಗಳೇ ಅಳಿಸಿದಳು ಎಂದುಕೊಳ್ಳುತ್ತಾರೆ.

ಇದು ಮುಗಿದ ದೂರಲ್ಲ ಎನ್ನಲು ಇನ್ನೊಂದು ಕಾರಣವಿದೆ. ಅಮ್ಮ ಹೋದಾಗಿನಿಂದ ಗುಂಡನ ಜೊತೆಗಿರಲು ಹಾಕಿದ್ದ ನನ್ನ ರಜೆಯೆಲ್ಲ ಮುಗಿದಿದೆ, ಕೆಲಸ ಬಿಡುವಂತಿಲ್ಲ, ಮುಂದಿನ ಸೋಮವಾರದಿಂದ ಗುಂಡ ಹಗಲು ಹೊತ್ತು ಒಂದು ಆರೈಕೆ ಕೇಂದ್ರಕ್ಕೆ ಹೋಗಬೇಕು. ಅವರು ಒಂದು ಫಾರಂ ಕೊಟ್ಟಿದ್ದಾರೆ. ಅದರಲ್ಲಿ ಒಂಬತ್ತನೆಯ ಪ್ರಶ್ನೆ, ‘ನೋವಾದಾಗ ಇವರು ಹೇಗೆ ತಿಳಿಸುತ್ತಾರೆ?’ ಉತ್ತರಕ್ಕೆ ಆರು ಗೆರೆ ಬಿಟ್ಟಿದ್ದಾರೆ. ಮೊದಲ ಗೆರೆಯಲ್ಲಿ ‘ಕಿವಿನೋವು: ಬಲಮುಷ್ಟಿಯಿಂದ ಎಡಭುಜ ಒತ್ತುತ್ತಾನೆ’ ಎಂದು ಬರೆದೆ. ಅದನ್ನು ಕಲಿಯಲು ಅವನ ಒಂದು ಕಿವಿ ಹೋಯಿತು. ಹೊಟ್ಟೆ, ಹಲ್ಲು, ಎದೆ, ಇವುಗಳ ಗೆರೆ ಖಾಲಿ ಇವೆ. ಇನ್ನು ಅವನ್ನು ನಾನು ಕಲಿಯುವುದು ಅವನಿಗೆ ಅಲ್ಲಲ್ಲಿ ನೋವಾದಾಗಲೇ.

ಇಂತಿ,
ತಮ್ಮನ ಭಾಷೆಯಲ್ಲಿ ನಲವತ್ತು ಮಾತಷ್ಟೇ ಬಲ್ಲ ಅಕ್ಕ