ಹನ್ನೊಂದು ಬಾತುಕೋಳಿಗಳು

ಕುಣಿಗಲ್
೧೮-೩-೧೯೮೪, ಭಾನುವಾರ

ಚಿ. ಸೌ. ಅಂಬುಜಳಿಗೆ, ಅಪ್ಪನ ಪ್ರೀತಿ ಮತ್ತು ಆಶೀರ್ವಾದ.

ನಿನ್ನ ಕಾಗದ ಬಂದು ಇವತ್ತಿಗೆ ಹತ್ತೊಂಬತ್ತು ದಿನ. ತಡವಾಗಿದ್ದಕ್ಕೆ ಪರೀಕ್ಷೆ, ಪತ್ರಿಕೆ ಎಂದು ನೆಪ ಹೇಳಬಹುದು, ಆದರೆ ನಿನಗೆ ನನ್ನ ನೆಪಗಳೆಲ್ಲ ಪರಿಚಯ. ಮೂರು ಸಲ ಬರೆಯಲು ಕೂತು ಮೂರು ಇನ್‌ಲ್ಯಾಂಡ್ ಲೆಟರ್ ಹಾಳುಮಾಡಿದೆ. ಇವತ್ತು ಬಿಳಿಹಾಳೆ ತಂದಿದ್ದೇನೆ, ಎಷ್ಟುದ್ದವಾದರೂ ಆಗಲಿ ಎಂದು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ, ನಿಮ್ಮಮ್ಮನ ಎಡಮಂಡಿಯೊಂದನ್ನು ಬಿಟ್ಟು. ಪುಟ್ಟನಿಗೆ ದವಡೆ ಹಲ್ಲು ಬಂದ ಸುದ್ದಿಯನ್ನು ಅವಳು ಅದೇ ಮಂಡಿಯಲ್ಲಿ ಬೀದಿಯ ಕೊನೆಯ ಮನೆಯವರೆಗೂ ನಡೆದು ಹೇಳಿ ಬಂದಳು.

ಎರಡು ವರ್ಷದಿಂದ ನಿನ್ನ ಕಾಗದಗಳೆಲ್ಲ ನಿಮ್ಮಮ್ಮನ ಹೆಸರಿಗೇ ಬರುತ್ತಿದ್ದವು. ಕೊನೆಯಲ್ಲಿ ‘ಅಪ್ಪನಿಗೆ ನಮಸ್ಕಾರ’ ಎಂದು ಒಂದು ಸಾಲು. ಆ ಒಂದು ಸಾಲನ್ನು ಅವಳು ನನಗೆ ಎರಡೆರಡು ಸಲ ಓದಿ ಹೇಳುತ್ತಿದ್ದಳು, ಪಾಪ. ಈಗ ನನ್ನ ಹೆಸರಿಗೇ ಮೂರು ಪುಟ ಬರೆದಿದ್ದೀಯ. ‘ಆವತ್ತು ನಿಮ್ಮನ್ನು ಕಟುಕ ಅಂದುಬಿಟ್ಟೆ. ಮಗಳು, ಅಳಿಯ ಅಂತ ನೋಡದೆ ನ್ಯಾಯವಾಗಿ ನಡೆದುಕೊಂಡವರು ನೀವು. ನನ್ನ ಮಗನೂ ನಿಮ್ಮ ಹಾಗೇ ಆಗಲಿ’ ಎಂದು ಬರೆದಿದ್ದೀಯ. ಓದಿ ಕಣ್ಣಲ್ಲಿ ನೀರು ಬಂತು ಮಗಳೆ. ಆಮೇಲೆ ಮಡಿಸಿ ಟ್ರಂಕಿಗೆ ಹಾಕಿದೆ. ‘ಆ ದಿನ ನಿಜವಾಗಿ ಏನಾಯಿತು, ಇವರೊಂದು ಹೇಳುತ್ತಾರೆ, ಅಮ್ಮ ಒಂದು ಹೇಳುತ್ತಾಳೆ, ನೀವೇ ಹೇಳಿ’ ಎಂದು ಕೇಳಿದ್ದೀಯ. ಹೇಳುತ್ತೇನೆ.

ನೀನು ಓದಲು ತುಮಕೂರಿನ ಹಾಸ್ಟೆಲಿಗೆ ಹೋದ ವರ್ಷವೇ ನನ್ನ ಕೆರೆ ಹುಚ್ಚು ಶುರುವಾಗಿದ್ದು. ಮನೆ ಬಿಕೋ ಎನ್ನುತ್ತಿತ್ತು. ಭಾನುವಾರ ಸೈಕಲ್ ಹತ್ತಿ ಕೊತ್ತಗೆರೆ ಕಡೆ ಹೋಗಿ ಕೆರೆ ಏರಿಯ ಮೇಲೆ ಕೂರುತ್ತಿದ್ದೆ. ದೀಪಾವಳಿ ಕಳೆದರೆ ಬಾತುಗಳು ಇಳಿಯುತ್ತವೆ. ಸೂಜಿಯಂಥ ಬಾಲದವು, ಚಮಚದಂಥ ಕೊಕ್ಕಿನವು. ಹಿಮಾಲಯದ ಆಚೆಯಿಂದ ಬರುತ್ತವಂತೆ. ಅಷ್ಟು ದೂರ ಹಾರಿ ಬಂದವು ಇಲ್ಲಿ ಯಾರದೋ ಸಾರಿಗೆ ಬೀಳುವುದು ನನಗೆ ಸಹಿಸಲಾಗಲಿಲ್ಲ. ಲೈಸೆನ್ಸಿಲ್ಲ, ಕೇಳುವವರಿಲ್ಲ, ಷಿಕಾರಿಯವರು ಜೀಪಿನಲ್ಲಿ ಬಂದು ಬೇಕಾದಷ್ಟು ಹೊಡೆದು ಅರ್ಧ ಅಲ್ಲೇ ಬಿಟ್ಟು ಹೋಗುತ್ತಿದ್ದರು. ರೆಕ್ಕೆ ಮುರಿದವು ಜೊಂಡಿನಲ್ಲಿ ಎರಡು ಮೂರು ದಿನ ಬದುಕಿರುತ್ತಿದ್ದವು.

ನಾನು ಮಾಡಿದ್ದು ಮೇಷ್ಟ್ರ ಕೆಲಸ. ನೋಟ್‌ಬುಕ್ಕಿಗೆ ಗೆರೆ ಹಾಕಿ ಬರೆದಿಟ್ಟೆ. ದಿನಾಂಕ, ಎಷ್ಟು ಈಡು ಕೇಳಿಸಿತು, ಎಷ್ಟು ಖಾಲಿ ತೋಟಾ ಸಿಕ್ಕಿತು, ಎಲ್ಲಿ ಪುಕ್ಕ ಕಿತ್ತಿದ್ದಾರೆ, ಜೀಪಿನ ನಂಬರೇನು. ತೋಟಾಗಳನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿಡುತ್ತಿದ್ದೆ. ಅದನ್ನು ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟಿದ್ದಕ್ಕೆ ನಿಮ್ಮಮ್ಮ ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಮಗಳು ಹುಟ್ಟಿದ ದಿನ ಮರೆಯುತ್ತೀರಿ, ಬಾತು ಬಂದ ದಿನ ಮರೆಯಲ್ಲ ಎಂದು ಅವಳ ದೂರು. ತಿಂಗಳಿಗೊಮ್ಮೆ ಪಟ್ಟಿಯನ್ನು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಕಳಿಸುತ್ತಿದ್ದೆ. ಕಳಿಸಿ ಕಳಿಸಿ ಕೊನೆಗೆ ಕೆರೆಗೊಬ್ಬ ದಿನಗೂಲಿ ವಾಚರ್ ಬಂದ. ಅವನೇ ರಾಮಾಂಜಿನಯ್ಯ, ಅಮೃತೂರು ಕಡೆಯವನು. ನಿನಗೆ ಹಲಸಿನ ಹಣ್ಣು ತಂದುಕೊಟ್ಟು, ಸಂಕೋಚದಿಂದ ಒಳಗೆ ಬರದೆ ಜಗುಲಿಯಲ್ಲೇ ಕೂರುತ್ತಿದ್ದನಲ್ಲ, ಆ ಎತ್ತರದ ಮನುಷ್ಯ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹಕ್ಕಿಗಳ ಲೆಕ್ಕದಲ್ಲಿ ನಾನು ತಪ್ಪುತ್ತಿದ್ದೆ, ಅವನು ತಪ್ಪುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿ, ಸಂಕ್ರಾಂತಿ ಕಳೆದ ಭಾನುವಾರ. ಸಂಜೆ ನಾಲ್ಕೂವರೆ ಇರಬೇಕು. ನಾನು ಏರಿ ಹತ್ತುವಷ್ಟರಲ್ಲಿ ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಸಿದ್ದಲಕ್ಷ್ಮಮ್ಮ ಕೈ ಬೀಸಿ ಕರೆದಳು. ನೋಡಿದಾಗಲೆಲ್ಲ ‘ಐನೋರು ತಾವೂ ತಿನ್ನಲ್ಲ, ತಿನ್ನೋರ್ನೂ ಬುಡಲ್ಲ’ ಎಂದು ನಗುವ ಹೆಂಗಸು, ಅವತ್ತು ನಗಲಿಲ್ಲ.

“ಮೇಷ್ಟ್ರೆ, ಜೀಪ್ ಬಂದೈತೆ. ನಾಕ್ ಜನ ಅವ್ರೆ. ರಾಮಾಂಜಿನಯ್ಯ ಒಬ್ನೇ ಓಡೋದ, ಜಲ್ದಿ ಓಗಿ” ಎಂದಳು.

ನಾನು ಏದುಸಿರು ಬಿಡುತ್ತಾ ತಲುಪಿದಾಗ ಅವನು ಜೀಪಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದ. ಗೋಣಿಚೀಲದಿಂದ ಹಕ್ಕಿಗಳನ್ನು ತೆಗೆದು ಏರಿಯ ಮೇಲೆ ಸಾಲಾಗಿ ಮಲಗಿಸಿದ್ದ. ಹನ್ನೊಂದು, ಎಲ್ಲವೂ ಸೂಜಿಬಾಲದವು. ಒಂದಕ್ಕೆ ಇನ್ನೂ ಜೀವವಿತ್ತು. ಅದನ್ನು ಕೈಗೆ ತೆಗೆದುಕೊಂಡು ತಲೆ ಎತ್ತಿದೆ. ಬಂದೂಕು ಹಿಡಿದು ನಿಂತವರು ನಮ್ಮ ಅಳಿಯಂದಿರು. ದೀಪಾವಳಿಗೆ ನಾವು ಕೊಟ್ಟ ನೀಲಿ ಸ್ವೆಟರ್ ಹಾಕಿದ್ದರು. ಜೀಪು, ಬಂದೂಕು ಎರಡೂ ಅವರ ಸ್ನೇಹಿತ ಕಂಟ್ರಾಕ್ಟರನದು. ನನ್ನನ್ನು ಕಂಡವರೇ, ಹೋಂವರ್ಕ್ ಮಾಡದ ಹುಡುಗನ ಹಾಗೆ ಬಂದೂಕನ್ನು ಬೆನ್ನ ಹಿಂದೆ ಮಾಡಿಕೊಂಡರು. ನನಗೆ ಕೋಪ ಬರಬೇಕಿತ್ತು, ಅಯ್ಯೋ ಎನಿಸಿತು. ಕಾಲು ತೊಳೆದು ಕನ್ಯಾದಾನ ಮಾಡಿಕೊಟ್ಟ ಅಳಿಯನನ್ನು ಗದರುವುದು ನನಗೆಲ್ಲಿ ಬರಬೇಕು.

ರಾಮಾಂಜಿನಯ್ಯ ನನ್ನನ್ನು ಪಕ್ಕಕ್ಕೆ ಕರೆದ. “ಮೇಷ್ಟ್ರೆ, ನಿಮ್ಮಳಿಯಂದ್ರು ಅಂತ ಈಗ ನೋಡ್ದೆ. ಅಂಬುಜಮ್ನೋರು ಬಸ್ರಿ ಬೇರೆ. ನೀವು ಊಂ ಅನ್ನಿ ಸಾಕು, ನಾನೇನೂ ನೋಡೇ ಇಲ್ಲ, ಬುಟ್ಬುಡವ” ಎಂದ.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, “ಏಳೆಂಟು ವರ್ಷ ಊರವರ ಜೀಪಿನ ನಂಬರೆಲ್ಲ ಬರ್ದಿದೀನಿ ಕಣೋ. ಇವತ್ತು ಬರೀಲಿಲ್ಲ ಅಂದ್ರೆ ಆ ಪುಸ್ತಕನ ಒಲೆಗೆ ಹಾಕ್ಬೇಕು. ಮಹಜರು ಮಾಡು.”

“ಸರಿ ಬುಡಿ. ನಂದು ಕಾಗೆ ಕಾಲು ಗುಬ್ಬಿ ಕಾಲು. ನೀವೇ ಬರ್ದುಬುಡಿ, ನಾನು ರುಜು ಆಕ್ತೀನಿ” ಎಂದು ಕಾಗದ, ಪೆನ್ನು ನನ್ನ ಕೈಗೇ ಕೊಟ್ಟ. ಅಷ್ಟರಲ್ಲಿ ಜೀವವಿದ್ದ ಆ ಒಂದು ಹಕ್ಕಿಯೂ ಸತ್ತಿತ್ತು. ಜೀಪಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ನಾನೇ ಬರೆದೆ. ಹೊತ್ತು ಮುಳುಗುವ ಮೊದಲು ಸಿದ್ದಲಕ್ಷ್ಮಮ್ಮನೂ ಇನ್ನಿಬ್ಬರೂ ನೋಡುತ್ತಿದ್ದಂತೆ ಹಕ್ಕಿಗಳನ್ನು ಏರಿಯ ಬುಡದಲ್ಲಿ ಹೂಳಿದೆವು. ಇಟ್ಟರೆ ಕೊಳೆಯುತ್ತವೆ. ಇನ್ನು ಕೋರ್ಟಿಗೆ ಉಳಿದದ್ದು ಆ ಒಂದು ಕಾಗದ.

ಆಮೇಲಿನದು ನಿನಗೆ ಗೊತ್ತು. ನಿನ್ನ ಸೀಮಂತದ ದಿನ ನಿಮ್ಮ ಮನೆ ಬಾಗಿಲಲ್ಲೇ ನೀನು ಕಟುಕ ಎಂಬ ಆ ಮಾತು ಅಂದೆ. ನಾನು ಸೀರೆ, ಬಳೆ ನಿಮ್ಮಮ್ಮನ ಕೈಗೆ ಕೊಟ್ಟು, ಅವಳು ವಾಪಸು ಬರುವ ತನಕ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ನಿನ್ನ ಮೇಲೆ ಆಗಲೂ ಸಿಟ್ಟು ಬರಲಿಲ್ಲ. ಶಿಕ್ಷೆಯಾದರೆ ಅಳಿಯಂದಿರ ಬ್ಯಾಂಕಿನ ಕೆಲಸ ಹೋಗುತ್ತಿತ್ತು, ಹೊಟ್ಟೆಯಲ್ಲಿ ಮಗು, ನೀನು ಇನ್ನೇನು ಅನ್ನಬೇಕಿತ್ತು. ಇತ್ತ ಊರಲ್ಲಿ ನನಗೆ ನಡೆದದ್ದೇ ಬೇರೆ. ಜನ ಸೈಕಲ್ ನಿಲ್ಲಿಸಿ ಕೈ ಮುಗಿಯುತ್ತಿದ್ದರು. ಗುಬ್ಬಿಯಲ್ಲಿ ಒಂದು ಸಂಘದವರು ಕರೆಸಿ ಶಾಲು ಹೊದಿಸಿ, ‘ಸ್ವಂತ ಅಳಿಯನನ್ನೂ ಬಿಡದ ಮೇಷ್ಟ್ರು’ ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಆ ಶಾಲು ಟ್ರಂಕಿನಲ್ಲಿದೆ. ಒಂದು ದಿನವೂ ಹೊದೆಯಲಿಲ್ಲ.

ಹೋದ ತಿಂಗಳು ನನ್ನ ಸಾಕ್ಷಿ ಇತ್ತು. ಅವರ ಲಾಯರು ಮೊದಲು ಯಾರೋ ಬಾತುಕೋಳಿ ಸಾಕುವವನನ್ನು ನಿಲ್ಲಿಸುತ್ತೇವೆ ಎಂದರು, ಆ ಹನ್ನೊಂದನ್ನೂ ಕಂಟ್ರಾಕ್ಟರನಿಗೆ ಅವನೇ ಮಾರಿದನಂತೆ. ಆಮೇಲೆ ಮಹಜರನ್ನು ನನ್ನ ಕೈಗೆ ಕೊಟ್ಟರು.

“ಇದು ನಿಮ್ಮ ಅಕ್ಷರವೇ?”

“ಹೌದು.”

“ಏನು ಬರೆದಿದೆ, ಓದಿ.”

“ಸತ್ತ ಬಾತುಕೋಳಿಗಳು, ಹನ್ನೊಂದು.”

“ಬಾತುಕೋಳಿಗಳನ್ನು ಜನ ಮನೆಯಲ್ಲಿ ಸಾಕುತ್ತಾರೋ ಇಲ್ಲವೋ?”

“ಸಾಕುತ್ತಾರೆ.”

“ತಾವು ಕನ್ನಡ ಪಂಡಿತರು. ಪತ್ರಿಕೆ ತಿದ್ದುವಾಗ ಹುಡುಗ ಬರೆದದ್ದಕ್ಕೆ ಮಾರ್ಕ್ಸು ಕೊಡುತ್ತೀರೋ, ಅವನ ಮನಸ್ಸಿನಲ್ಲಿದ್ದದ್ದಕ್ಕೋ?”

“ಬರೆದದ್ದಕ್ಕೆ” ಎಂದೆ. ಹಿಂದೆ ಕೂತವರು ನಕ್ಕರು.

ಸಾಕಿದ ಹಕ್ಕಿ ಕೊಂದರೆ ಕಾನೂನಿನಲ್ಲಿ ತಪ್ಪಿಲ್ಲ, ಹತ್ತು ದಿನದಲ್ಲಿ ನಾಲ್ವರೂ ಬಿಡುಗಡೆಯಾದರು. ಅಳಿಯಂದಿರು ಕೋರ್ಟಿನಿಂದ ನೇರ ನಮ್ಮ ಮನೆಗೆ ಬಂದು ಕಾಲಿಗೆ ಬಿದ್ದರು. ಎರಡು ವರ್ಷದ ಮೇಲೆ ನಿಮ್ಮಮ್ಮನ ಕೈಯ ಹುಳಿ ಎರಡು ಸಲ ಹಾಕಿಸಿಕೊಂಡು ಉಂಡರು. “ಮಾವ, ನಿಮ್ಮದೊಂದು ‘ಕೋಳಿ’ ನನ್ನ ಕೆಲಸ ಉಳಿಸಿಬಿಡ್ತು. ಆವತ್ತಿಂದ ಬಂದೂಕು ಮುಟ್ಟಿಲ್ಲ, ಇನ್ನು ಮುಟ್ಟೋದೂ ಇಲ್ಲ” ಎಂದರು. ನಾನು ನಂಬಿದ್ದೇನೆ. ಅವರು ಕೆಟ್ಟವರಲ್ಲ, ಸಹವಾಸಕ್ಕೆ ಇಲ್ಲ ಎನ್ನಲಾರದವರು, ಅಷ್ಟೆ.

ಮಿಕ್ಕ ಸುದ್ದಿ ಅಷ್ಟು ಚೆನ್ನಾಗಿಲ್ಲ. ಕೇಸು ಬಿದ್ದುಹೋದದ್ದು ಗೊತ್ತಾಗಿ ಹಳೆಯ ಜೀಪುಗಳೆಲ್ಲ ಮತ್ತೆ ಬರುತ್ತಿವೆ. ಕಳೆದ ಭಾನುವಾರ ಇಪ್ಪತ್ತಮೂರು ಈಡು ಬರೆದುಕೊಂಡೆ. ರಾಮಾಂಜಿನಯ್ಯನಿಗೆ ಈ ಏಪ್ರಿಲಿಗೆ ಕೆಲಸ ಪರ್ಮನೆಂಟ್ ಆಗಬೇಕಿತ್ತು. ಮಹಜರು ಸರಿಯಾಗಿ ಬರೆಸದೆ ಕೇಸು ಕೆಡಿಸಿದ ಎಂದು ಮೆಮೊ ಬಂದು, ತಿಂಗಳ ಕೊನೆಗೆ ಅವನನ್ನು ತೆಗೆಯುತ್ತಿದ್ದಾರೆ. ಚೇಳೂರಿನ ಹತ್ತಿರ ಯಾರದೋ ತೆಂಗಿನ ತೋಟ ಕಾಯಲು ಹೋಗುತ್ತಾನಂತೆ. ಮೊನ್ನೆ ಹೇಳಿಹೋಗಲು ಬಂದಿದ್ದ, ಎಂದಿನ ಹಾಗೆ ಜಗುಲಿಯ ಮೇಲೆ ಕೂತ. ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ.

“ಬುಡಿ ಮೇಷ್ಟ್ರೆ, ಯಾರ್ಗಾದ್ರೂ ಕೈ ತಪ್ತದೆ. ಅಳಿಯಂದ್ರು ಮುಂದೆ ನಿಂತಿದ್ರು, ನಿಮ್ಗೆ ಎಂಗಾಗಿರ್ಬೇಡ. ಬರ್ಸಿದ್ದು ನಾನು, ಓದ್ಸಿ ನೋಡ್ಬೇಕಾಗಿತ್ತು.”

ಇರಲಿ. ಯುಗಾದಿಗೆ ಮೂವರೂ ಬನ್ನಿ. ನಿಮ್ಮಮ್ಮ ಈಗಲೇ ಬೇಳೆ ಆರಿಸುತ್ತಿದ್ದಾಳೆ. ಪುಟ್ಟನಿಗೆ ಕೆರೆ ತೋರಿಸಬೇಕು, ಆ ಹೊತ್ತಿಗೆ ಬಾತುಗಳು ಹೊರಟುಹೋಗಿರುತ್ತವೆ, ಆದರೂ ಗುಳುಮುಳುಕ ಹಕ್ಕಿ ಇರುತ್ತದೆ, ಮುಳುಗಿ ಎದ್ದರೆ ಮಗು ನಗುತ್ತದೆ. ನೀನು ತಣ್ಣಗಿರು ತಾಯಿ, ನಿನ್ನ ಮನೆ ತುಂಬಿರಲಿ, ಅಳಿಯಂದಿರಿಗೆ ಆಯುಸ್ಸು ಆರೋಗ್ಯ ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ಅನಂತರಾಮಯ್ಯ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ.

ಅದು ಕೈತಪ್ಪಲ್ಲ ಅಂಬುಜ. ಮನೆಯದು ಬಾತುಕೋಳಿ, ಕೆರೆಯದು ಬಾತು ಎಂದು ಸಿದ್ದಲಕ್ಷ್ಮಮ್ಮನನ್ನೂ ರಾಮಾಂಜಿನಯ್ಯನನ್ನೂ ಅಷ್ಟು ವರ್ಷ ತಿದ್ದಿದವನು ನಾನೇ. ‘ಸೂಜಿಬಾಲದ ಕಾಡುಬಾತುಗಳು’ ಎಂದು ಬರೆಯಲು ಪೆನ್ನು ಊರಿದ್ದೆ. ಆಗ ನಿನ್ನ ಮುಖ ಕಣ್ಣಿಗೆ ಬಂತು. ಯಾವನಾದರೂ ಚುರುಕು ಲಾಯರು ಇದನ್ನು ಹಿಡಿದೇ ಹಿಡಿಯುತ್ತಾನೆ ಎಂದು ತಿಳಿದೇ ‘ಬಾತುಕೋಳಿಗಳು’ ಎಂದು ಬರೆದೆ. ರಾಮಾಂಜಿನಯ್ಯ ಏನು ಬರೆದಿದ್ದೀರಿ ಎಂದು ಕೇಳಲಿಲ್ಲ, ರುಜು ಹಾಕಿದ.

ಬಿಟ್ಟುಬಿಡೋಣ ಎಂದು ಅವನೇ ಹೇಳಿದ್ದ. ಊಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅವನ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ನನಗೆ ಅಳಿಯನೂ ಉಳಿಯಬೇಕಿತ್ತು, ಹೆಸರೂ ಉಳಿಯಬೇಕಿತ್ತು. ಎರಡೂ ಉಳಿದವು. ನೀನೂ ತಿರುಗಿ ಬಂದೆ, ನ್ಯಾಯವಂತ ಅಪ್ಪ ಎಂದು ಬರೆದೆ. ಆ ಮೂರು ಪುಟ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ತಪ್ಪು ವಾಚರನದಲ್ಲ, ತಿಳಿದೂ ಬರೆದವನು ನಾನು ಎಂದು ಮೇಲಿನ ಆಫೀಸಿಗೂ ಒಂದು ಕಾಗದ ಬರೆದಿದ್ದೇನೆ. ನಾಳೆ ಎರಡನ್ನೂ ಒಟ್ಟಿಗೆ ಟಪಾಲು ಡಬ್ಬಿಗೆ ಹಾಕುತ್ತೇನೆ. ಕೇಸು ಮತ್ತೆ ಎದ್ದರೆ ನೀನು ಯುಗಾದಿಗೆ ಬರುವುದಿಲ್ಲ, ಗೊತ್ತು. ನಿಮ್ಮಮ್ಮನಿಗೆ ಇದಾವುದೂ ತಿಳಿಯದು, ಅವಳು ಬೇಳೆ ಆರಿಸುತ್ತಲೇ ಇದ್ದಾಳೆ.

ರಾಮಾಂಜಿನಯ್ಯನಿಗೆ ಇನ್ನೂ ಹೇಳಿಲ್ಲ. ನಿನಗೆ ಮೊದಲು ಹೇಳಿದ್ದು ಯಾಕೆಂದರೆ ನೀನು ಬೈಯುತ್ತೀಯ. ಅವನು ಬೈಯುವುದಿಲ್ಲ.